ನಮ್ಮ ಕಾರಿನ ಗ್ಲಾಸು ಇಳಿಯುವಷ್ಟರಲ್ಲಿ

ಮನೆಯಿಂದ ಹೊರಟರೆ ಕೆಲವರಿಗೆ ಬೆಕ್ಕು ಅಡ್ಡ ಬರುತ್ತೆ, ಕೆಲವರಿಗೆ ಬೇಡದ ನೆಂಟರು ಅಡ್ಡ ಬರ್ತಾರೆ. ನನಗೆ ನನ್ನ ಕಾರಿನ ಗ್ಲಾಸೇ ಅಡ್ಡ. ಇದೊಂದು ಸಲ ಆಯ್ತು, ಇನ್ನಾಗಲ್ಲ ಬಿಡು ಅಂದುಕೊಳ್ಳೋಷ್ಟರಲ್ಲಿ ಇನ್ನೊಂದು ಎಡವಟ್ಟು ಬಾಗಿಲಲ್ಲಿ ಬಂದು ನಿಂತಿರುತ್ತೆ.

ನನ್ನದು ಕೊಳ್ಳೇಗಾಲದಲ್ಲಿ ಒಂದು ಸಣ್ಣ ಬ್ಯೂಟಿ ಪಾರ್ಲರು. ಹೆಸರಿಗೆ ಪಾರ್ಲರು, ನಿಜವಾದ ಕೆಲಸವೆಲ್ಲ ಹೊರಗಡೆ. ಹನೂರು, ಯಳಂದೂರು, ಸುತ್ತಮುತ್ತಲ ಹಳ್ಳಿಗಳ ಮದುವೆ ಹೆಣ್ಣುಗಳಿಗೆ ಮೇಕಪ್ಪು ಮಾಡೋದು, ಸೀರೆ ಉಡಿಸೋದು, ಜಡೆ ಹಾಕೋದು. ಕೋಳಿ ಕೂಗೋಕೆ ಮುಂಚೆ ಹೆಣ್ಣಿನ ಮನೆ ಮುಂದೆ ನಾನಿರಬೇಕು. ಮೊದಲು ಬಸ್ಸಲ್ಲೇ ಓಡಾಡ್ತಿದ್ದೆ. ಮೇಕಪ್ ಪೆಟ್ಟಿಗೆಯನ್ನ ಒಂದು ಸಲ ಕಂಡಕ್ಟರು ಕೋಳಿ ಬುಟ್ಟಿ ಕೆಳಗಿಟ್ಟುಬಿಟ್ಟಿದ್ದ. ಅವತ್ತೇ ತೀರ್ಮಾನ ಮಾಡಿದೆ, ಹಳೇದಾದ್ರೂ ಪರವಾಗಿಲ್ಲ, ನನಗೊಂದು ಕಾರು ಬೇಕು ಅಂತ.

ಕಾರು ಬಂತು. ಸೆಕೆಂಡ್ ಹ್ಯಾಂಡು, ಆದರೆ ಬಂಗಾರದಂಥ ಇಂಜಿನ್ನು. ಬಟನ್ ಒತ್ತಿದರೆ ಇಳಿಯೋ, ಏರೋ ಗ್ಲಾಸು. ತಂದ ಹೊಸದರಲ್ಲಿ ಸರಿಯಾಗೇ ಇತ್ತು. ಬರ್ತಾ ಬರ್ತಾ ಅದಕ್ಕೇನಾಯ್ತೋ, ಬಟನ್ ಒತ್ತಿದರೆ ಗುಂಯ್ ಅನ್ನುತ್ತೆ, ಯೋಚನೆ ಮಾಡುತ್ತೆ, ಆಮೇಲೆ ಮನಸ್ಸಾದರೆ ಕೂದಲೆಳೆಯಷ್ಟು ಜರುಗುತ್ತೆ. ನಾಲ್ಕು ಬಾಗಿಲಿನದೂ ಇದೇ ರೋಗ.

ನಮ್ಮ ಯಜಮಾನ್ರಿಗೆ ಕಾರು ಓಡಿಸೋಕೆ ಬರಲ್ಲ. ಆದರೆ ಕಾರಿನ ಮೇಲೆ ತೀರ್ಪು ಕೊಡೋಕೆ ಬಹಳ ಚೆನ್ನಾಗಿ ಬರುತ್ತೆ. "ನೋಡು, ಈ ಮದುವೆ ಸೀಜನ್ ಮುಗಿಯೋದ್ರೊಳಗೆ ಇದರ ಗ್ಲಾಸು ಸರಿಯಾಗಬೇಕು. ಇಲ್ಲಾಂದ್ರೆ ಮಾರಿಬಿಡೋಣ" ಅಂದುಬಿಟ್ಟರು. ಕಾರು ಹೋದರೆ ಮತ್ತೆ ಬಸ್ಸು, ಮತ್ತೆ ಕೋಳಿ ಬುಟ್ಟಿ. ಕಾಡಂಚಿನ ಊರುಗಳ ಮದುವೆ ಎಲ್ಲ ಕೈ ಬಿಟ್ಟಂಗೇ. ನಮ್ಮ ಮನೆಯಲ್ಲಿ ಕೊನೇ ಮಾತು ಅತ್ತೆಯದು. ಅವರೋ, "ಮಾರಾದಾದ್ರ ಮಾರಿ, ಮಡಿಕಳಾದಾದ್ರ ಮಡಿಕಳಿ, ನಂಗೇನ" ಅಂತ ರಾಗಿ ಕೇರ್ತಾ ಕೂತಿದ್ದರು.

ಚೆಕ್‌ಪೋಸ್ಟಿನಲ್ಲಿ ಸಿಕ್ಕ ಬಾಲ

ಹೂಗ್ಯಂನಲ್ಲಿ ಒಂದು ಮದುವೆ. ಹನೂರು ದಾಟಿ ಕಾಡಿನ ದಾರಿ ಹಿಡಿದಿದ್ದೆ. ಚೆಕ್‌ಪೋಸ್ಟಲ್ಲಿ ಫಾರೆಸ್ಟ್ ಗಾರ್ಡು ಕೈ ಅಡ್ಡ ಹಿಡಿದರು.

"ಗ್ಲಾಸ್ ಇಳ್ಸಿ ಮೇಡಂ."

ಒತ್ತಿದೆ. ಗುಂಯ್ ಅಂತು.

"ಮೇಡಂ, ಗ್ಲಾಸ್ ಇಳ್ಸಿ ಅಂದೆ."

"ಇಳೀತಾ ಇದೆ ಅಣ್ಣ, ಇಳೀತಾ ಇದೆ!"

ಒಳಗಿಂದ ನಾನು ಕೂಗೋದು ಅವರಿಗೆ ಕೇಳಲ್ಲ. ಬಾಗಿಲು ತೆಗೆಯೋಣ ಅಂದರೆ ಆ ಮಾರಾಯ ಬಾಗಿಲಿಗೇ ಒರಗಿಕೊಂಡು ನಿಂತಿದ್ದಾರೆ. ಇಳಿಸದೇ ಸತಾಯಿಸ್ತಾ ಇದ್ದಾಳೆ ಅಂದರೆ ಒಳಗೇನೋ ಇದೆ ಅಂತ ಅವರಿಗೆ ಅನುಮಾನ ಬಂತು. ಹಣೆಗೆ ಕೈ ಅಡ್ಡ ಇಟ್ಟುಕೊಂಡು ಹಿಂದಿನ ಸೀಟು ಇಣುಕಿದರು. ಇಣುಕಿದವರು ಹೌಹಾರಿ ಹಿಂದಕ್ಕೆ ಸರಿದರು. ಅಷ್ಟೊತ್ತಿಗೆ ಗ್ಲಾಸು ಎರಡು ಬೆರಳು ಇಳಿದಿತ್ತು. ಆ ಸಂದಿಗೆ ಬಾಯಿಟ್ಟು ಕೇಳಿದರು.

"ಹಿಂದ್ಗಡ ಅದೇನದು ಬಾಲ? ಯಾವ ಪ್ರಾಣಿದು?"

ತಿರುಗಿ ನೋಡಿದೆ. ಜಡೆ ಬ್ಯಾಗಿನ ಜಿಪ್ಪು ಬಿಚ್ಚಿಕೊಂಡು, ಹೆಣ್ಣಿನ ಜಡೆಗೆ ಸೇರಿಸಿ ಕಟ್ಟೋ ಉದ್ದನೆ ಕೂದಲು ಸೀಟಿಂದ ಜೋಲಾಡ್ತಿದೆ.

"ಪ್ರಾಣೀದಲ್ಲ ಅಣ್ಣ, ಜಡೆ! ಮದುವೆ ಹೆಣ್ಣಿಗೆ!"

"ಹೆಣ್ಣೆಲ್ಲಿ?"

"ಹೆಣ್ಣು ಹೂಗ್ಯಂನಲ್ಲಿದ್ದಾಳೆ."

"ಹೆಣ್ಣು ಹೂಗ್ಯಂನಲ್ಲಿ, ಜಡೆ ಇಲ್ಲಿ. ಇದೆಂಗಾದ್ದು ಮೇಡಂ? ಇಳೀರಿ ಕೆಳಕ್ಕ."

ಮುಹೂರ್ತದ ಹೊತ್ತು ಹತ್ತಿರ ಬರ್ತಾ ಇದೆ. ಹಿಂದೆ ಬಸ್ಸು ಬಂದು ಹಾರ್ನು ಹೊಡೀತಿದೆ. ಬಸ್ಸಿಂದ ಒಬ್ಬರು ಪಂಚೆ ಎತ್ತಿಕಟ್ಟಿಕೊಂಡು ಇಳಿದು ಬಂದರು. ನೋಡಿದರೆ ಹೆಣ್ಣಿನ ಸೋದರಮಾವ! ವಿಷಯ ಕೇಳಿ ಗಾರ್ಡಿಗೆ ಕೈ ಮುಗಿದುಬಿಟ್ಟರು.

"ಸಾ, ಅದು ನಮ್ಮ ಕೂಸಿನ ಜಡ ಸಾ. ಅದ್ನ ನೀವು ಹಿಡ್ಕಂಡ್ರ ನಮ್ ಕೂಸು ಮೋಟು ಜಡಲೇ ತಾಳಿ ಕಟ್ಟುಸ್ಕಬೇಕಾದದು. ಬುಟ್ಬುಡಿ ಸಾ, ನಿಮ್ಗ ಪುಣ್ಯ ಬತ್ತದ."

ಬಸ್ಸಲ್ಲಿದ್ದವರೆಲ್ಲ ಗೊಳ್ಳಂತ ನಕ್ಕರು. ಗಾರ್ಡೂ ನಕ್ಕು ಗೇಟು ಎತ್ತಿಸಿದರು. ನನಗೆ ಹೋದ ಜೀವ ಬಂತು. ಗ್ಲಾಸು ಏರಿಸೋಕೆ ಬಟನ್ ಒತ್ತಿ ನಿಧಾನಕ್ಕೆ ಗಾಡಿ ಬಿಟ್ಟೆ. ಗ್ಲಾಸು ಏರ್ತಾನೇ ಇತ್ತು. ಗಾರ್ಡು ಪಕ್ಕದಲ್ಲೇ ದಾಪುಗಾಲು ಹಾಕ್ಕೊಂಡು ಬಂದು, ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ತಲೆ ಮೇಲಿನ ಟೋಪಿ ತೆಗೆದು ಬೋಳು ನೆತ್ತಿ ತೋರಿಸಿ, ಉಳಿದಿದ್ದ ಸಂದಿಯಲ್ಲಿ ಪಿಸುಗುಟ್ಟಿದರು.

"ಮೇಡಂ, ಇಂತಾದ್ದು ಗಂಡಸ್ರಿಗೂ ಬತ್ತದಾ?"

ಬೆಟ್ಟದಲ್ಲಿ ಪಂಕ್ತಿ

ನಮ್ಮತ್ತೆ ಮಾದಪ್ಪನ ಒಕ್ಕಲು, ಅವನೇ ಅವರ ಮನೆದೇವರು. ಹಂಗಂತ ಬಿಳಿಗಿರಿರಂಗನ ಮೇಲೇನೂ ಅವರಿಗೆ ಬೇಜಾರಿಲ್ಲ. ಒಂದು ದಿನ ಕೆಲಸ ಇರಲಿಲ್ಲ, ಯಳಂದೂರಿನ ಮೇಲೆ ಹಾದು ರಂಗನ ಬೆಟ್ಟಕ್ಕೆ ಹೊರಟೆವು. ಅತ್ತೆ ಮುಂದೆ ನನ್ನ ಪಕ್ಕ, ಮಡಿಲಲ್ಲಿ ಹಣ್ಣುಕಾಯಿ ತಟ್ಟೆ. ಯಜಮಾನ್ರು ಹಿಂದೆ.

ಬೆಟ್ಟದ ಮೇಲೆ ಕಾರು ನಿಲ್ಲಿಸಿದ್ದೇ ತಡ, ಒಂದು ಗಡವ ಕೋತಿ ಬಾನೆಟ್ಟಿನ ಮೇಲೆ ಬಂದು ಕೂತುಕೊಳ್ತು. ಅತ್ತೆ ಗಾಳಿಗೆ ಅಂತ ದಾರಿಯಲ್ಲೇ ತಮ್ಮ ಗ್ಲಾಸು ಪೂರ್ತಿ ಇಳಿಸಿಕೊಂಡಿದ್ದರು.

"ಲೇ, ಗ್ಲಾಸ್ ಏರ್ಸು! ಗ್ಲಾಸ್ ಏರ್ಸು!" ಅಂತ ಹಿಂದಿನಿಂದ ಯಜಮಾನ್ರು ಕಿರುಚಿದರು.

ಏರಿಸ್ತಾ ಇದ್ದೀನಲ್ಲ, ಬಟನ್ ಮೇಲೆ ಬೆರಳಿಟ್ಟು ಒತ್ತಿ ಹಿಡಿದಿದ್ದೀನಲ್ಲ! ಗ್ಲಾಸು ಗುಂಯ್ ಅಂತಿದೆ. ಕೋತಿ ಅದನ್ನ ಸ್ವಲ್ಪ ಹೊತ್ತು ನೋಡ್ತು. ಅವಸರ ಬೇಕಿಲ್ಲ ಅಂತ ಅದಕ್ಕೂ ಗೊತ್ತಾಯ್ತು. ಆರಾಮವಾಗಿ ಇಳಿದು ಬಂದು ಗ್ಲಾಸಿನ ಅಂಚು ಹಿಡಿದು ನೇತುಹಾಕಿಕೊಳ್ತು. ಮೊದಲೇ ಏರದ ಗ್ಲಾಸು, ಈಗ ಅದರ ಮೇಲೆ ಕೋತಿ ಭಾರ. ಯಜಮಾನ್ರು ಹಿಂದಿನ ಸೀಟಿಂದ ಬಗ್ಗಿ ಎರಡೂ ಅಂಗೈಯಲ್ಲಿ ಗ್ಲಾಸನ್ನ ಒಳಗಿಂದ ಮೇಲಕ್ಕೆ ದೂಡ್ತಾರೆ, ಕೋತಿ ಹೊರಗಿಂದ ಕೆಳಕ್ಕೆ ಜಗ್ಗುತ್ತೆ. ಇಬ್ಬರ ಮುಖವೂ ಕೆಂಪಗಾಗಿತ್ತು.

ಅತ್ತೆ ತಟ್ಟೆ ಹಿಡಿದುಕೊಂಡು ಇಬ್ಬರನ್ನೂ ನೋಡಿದರು.

"ಯಾಕ್ಲಾ ಮಗಾ ಅದ್ರ ಜೊತ ಗುದ್ದಾಡೈ? ಆಂಜನೇಯ ಕನ್ಲಾ ಅದು. ಒಂದಣ್ಣು ಕೊಟ್ರ ಓಯ್ತದ."

ಅಂದವರೇ ಒಂದು ಬಾಳೆಹಣ್ಣು ಕಿತ್ತು ಕೊಟ್ಟೇಬಿಟ್ಟರು. ಅದು ಇಸ್ಕೊಂಡು ಹೋಯ್ತು, ನಿಜ. ಹೋಗಿ ಸಂಸಾರವನ್ನೆಲ್ಲ ಕರಕೊಂಡು ಬಂತು. ಅತ್ತೆ ಬೇಜಾರೇ ಮಾಡಿಕೊಳ್ಳಲಿಲ್ಲ. ಪಂಕ್ತಿಯಲ್ಲಿ ಬಡಿಸೋ ಥರ, "ನಿಂಗಾಯ್ತಲ್ಲ, ನೀ ಅತ್ಲಾಗ್ ಓಗು, ಮರಿ ಎತ್ಕಂಡಿರೋಳ್ಗ ಮೊದ್ಲು" ಅಂತ ಒಂದೊಂದೇ ಹಂಚಿದರು. ಬಾಳೆ ಚಿಪ್ಪಿನ ಕೊನೇ ಹಣ್ಣು ಹೊರಗೆ ಹೋದ ಮೇಲೆ ಗ್ಲಾಸು ಮೇಲೆ ತಲುಪಿ ಟಕ್ ಅಂತ ಮುಚ್ಚಿಕೊಳ್ತು.

ಯಾರಿಗೂ ಒಂದು ಗೀರು ಆಗಿರಲಿಲ್ಲ. ಅದೇ ದೊಡ್ಡ ಸಮಾಧಾನ ಅಂದುಕೊಂಡು ನಾನು ಉಸಿರು ಬಿಟ್ಟೆ. ಯಜಮಾನ್ರು ಮಾತ್ರ ಬೆವರು ಒರೆಸಿಕೊಳ್ತಾ ಹೇಳಿದರು.

"ನೋಡು, ಇಷ್ಟು ದಿನ ಇದು ಕೆಟ್ಟಿರೋದು ನಮಗೆ ಮಾತ್ರ ಗೊತ್ತಿತ್ತು. ಈಗ ಬೆಟ್ಟದ ಕೋತಿಗಳಿಗೂ ಗೊತ್ತಾಯ್ತು. ಇನ್ನು ಇದನ್ನ ಕೊಳ್ಳೋರು ಯಾರೇ?"

ಬಾಣಂತಿ ವಾಸನೆ

ಗ್ಲಾಸು ನಿಧಾನ ಅಂತ ಒಬ್ಬರ ಹತ್ತಿರ ಬಾಯಿ ಬಿಟ್ಟೆ, ನೋಡಿ, ಇಡೀ ಬೀದಿಯೇ ಡಾಕ್ಟರಾಯ್ತು. ಪಕ್ಕದ ಮನೆಯವರು ಕೊಬ್ಬರಿ ಎಣ್ಣೆ ಅಂದರು. ಎದುರು ಮನೆಯವರು ಪೌಡರು ಅಂದರು. ಪಾರ್ಲರಿಗೆ ಬಂದ ಒಬ್ಬಳು, ಅರ್ಧ ಹುಬ್ಬು ತೀಡಿಸಿಕೊಂಡವಳು, "ಮೇಣದ ಬತ್ತಿ ಉಜ್ಜಿ ಅಕ್ಕ" ಅಂದಳು. ಇದನ್ನೆಲ್ಲ ಕೇಳಿಸಿಕೊಂಡ ನಮ್ಮತ್ತೆ ಯಾರಿಗೂ ಹೇಳದೆ, ನಾನು ಸ್ನಾನಕ್ಕೆ ಹೋದಾಗ, ಮಂಡಿ ನೋವಿಗೆ ಇಟ್ಟುಕೊಂಡಿದ್ದ ಹರಳೆಣ್ಣೆ ಬಾಟಲಿಯನ್ನ ನಾಲ್ಕೂ ಬಾಗಿಲ ಗ್ಲಾಸಿನ ಸಂದಿಗೆ ಸಮನಾಗಿ ಹುಯ್ದುಬಿಟ್ಟಿದ್ದರು.

"ಮಂಡಿಗ ಆಯ್ತದ ಅಂದ್ಮ್ಯಾಲ ಗ್ಲಾಸ್ಗ ಆಗಲ್ವಾ?" ಅಂದರು, ನಾನು ಕೇಳಿದ್ದಕ್ಕೆ.

ಆಶ್ಚರ್ಯ ಅಂದರೆ ಅವತ್ತು ಗ್ಲಾಸು ಸುಮಾರಾಗಿ ಓಡ್ತು! ನಾನು ಖುಷಿಯಲ್ಲಿ ಮಧುವನಹಳ್ಳಿಗೆ ಹೋಗಿ ಹೆಣ್ಣಿಗೆ ಸಿಂಗಾರ ಮಾಡಿ, ಅವಳನ್ನ ನನ್ನ ಕಾರಲ್ಲೇ ಕೊಳ್ಳೇಗಾಲದ ಛತ್ರಕ್ಕೆ ಕರಕೊಂಡು ಬಂದೆ. ಎಣ್ಣೆ ಗ್ಲಾಸಿನ ಮೇಲೆಲ್ಲ ಇಳೀತಿತ್ತು. ಸೀರೆಗೆ ತಾಗೀತು ಅಂತ ಬಾಗಿಲಿಗೆ ಹಳೇ ಬೆಡ್‌ಶೀಟು ಅಡ್ಡ ಕಟ್ಟಿದ್ದೆ. ರೇಷ್ಮೆ ಸೀರೆಗೆ ಒಂದು ಹನಿ ತಾಗಲಿಲ್ಲ. ಆದರೆ ವಾಸನೆಗೆ ಬೆಡ್‌ಶೀಟು ಅಡ್ಡ ಬರುತ್ತಾ?

ಛತ್ರದ ಬಾಗಿಲಲ್ಲಿ ಗಂಡಿನ ಅಜ್ಜಿ ಹೆಣ್ಣಿಗೆ ದೃಷ್ಟಿ ತೆಗೆಯೋಕೆ ಹತ್ತಿರ ಬಂದರು. ಬಂದವರು ಮೂಗರಳಿಸಿ ನಿಂತರು. ಇನ್ನೊಂದು ಸಲ ಮೂಸಿದರು.

"ಇದೇನವ್ವಾ! ಹೆಣ್ಣು ಬಾಣಂತಿ ವಾಸ್ನ ಬತ್ತಾಳಲ್ಲ!"

ನಮ್ಮ ಕಡೆ ಹಸುಗೂಸು ಇರೋ ಮನೆ ಅಂದರೆ ಹರಳೆಣ್ಣೆ ವಾಸನೆ. ತಾಯಿಗೂ ಅದೇ, ಮಗುವಿಗೂ ಅದೇ. ಮೂಗಿರೋರಿಗೆಲ್ಲ ಗೊತ್ತು. ಆ ಮಾತು ಬಿದ್ದದ್ದೇ, ಓಲಗದವರು ಬಿಟ್ಟರೆ ಎಲ್ಲರೂ ಹೆಣ್ಣಿನ ಕಡೆ ತಿರುಗಿದರು. ಹೆಣ್ಣಿನ ತಾಯಿ ಮುಖ ಸುಣ್ಣ ಬಳಿದಂಗಾಯ್ತು. ಹೆಣ್ಣಿನ ಕಣ್ಣಲ್ಲಿ ನೀರು, ಅಂದರೆ ನಾನು ಹಚ್ಚಿದ್ದ ಕಾಡಿಗೆಯೂ ಹೋಯ್ತು. ಅಯ್ಯೋ ಶಿವನೇ, ಒಂದು ಬಾಟಲಿ ಎಣ್ಣೆಗೆ ಒಂದು ಮದುವೆ ನಿಲ್ಲುತ್ತಲ್ಲಪ್ಪಾ ಅಂದುಕೊಂಡೆ.

ನಾನು ಹಿಂದೆಮುಂದೆ ನೋಡಲಿಲ್ಲ. ಅಜ್ಜಿ ಕೈ ಹಿಡಿದು, "ಬನ್ನಿ ಅಜ್ಜಿ, ವಾಸನೆ ಎಲ್ಲಿಂದ ಬರ್ತಿದೆ ತೋರಿಸ್ತೀನಿ" ಅಂತ ಕಾರಿನ ಹತ್ತಿರ ಎಳಕೊಂಡೇ ಹೋದೆ. ಬೆಡ್‌ಶೀಟು ಕಿತ್ತು ಗ್ಲಾಸು ತೋರಿಸಿದೆ. ನಮ್ಮತ್ತೆ ಮಾಡಿದ ಘನಕಾರ್ಯ ಹೇಳಿದೆ. ಅಜ್ಜಿ ಬೆರಳಲ್ಲಿ ಗ್ಲಾಸು ಸವರಿ ಮೂಸಿದರು. ಬಾಗಿಲ ಸಂದಿಗೆ ಮೂಗಿಟ್ಟು ಇನ್ನೊಂದು ಸಲ ಮೂಸಿದರು. ಹಿಂದೆ ಎರಡೂ ಕಡೆ ನೆಂಟರು ಕತ್ತು ಉದ್ದ ಮಾಡಿಕೊಂಡು ನಿಂತಿದ್ದರು.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಕಿಸಕ್ಕಂತ ನಕ್ಕರು. ಆ ನಗು ಕೇಳಿ ಹೆಣ್ಣಿನ ತಾಯಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಸೆರಗಲ್ಲಿ ಮುಖ ಒರೆಸಿಕೊಂಡರು. ಅಜ್ಜಿ ನನ್ನ ಬೆನ್ನು ತಟ್ಟಿ ಹೇಳಿದರು.

"ಹಂಗಾರ ಬಾಣಂತಿ ನಿನ್ನ ಕಾರೇ ಕನವ್ವ! ಬೆಚ್ಚಗ ಒಳಗ ಮಲಗ್ಸು, ಗಾಳಿಗ ಬುಡಬ್ಯಾಡ."

ಕೊನೇ ಆಪರೇಷನ್ನು

ಎಣ್ಣೆಯ ಮಹಿಮೆ ಒಂದು ದಿನ. ಮಾರನೇ ದಿನ ಧೂಳೆಲ್ಲ ಎಣ್ಣೆಗೆ ಅಂಟಿಕೊಂಡು ಗ್ಲಾಸು ಮೊದಲಿಗಿಂತ ಬಿಗಿಯಾಯ್ತು. ಮೆಕ್ಯಾನಿಕ್ ಹತ್ತಿರ ಹೋದೆ.

ನಮ್ಮ ಮೆಕ್ಯಾನಿಕ್ ಬಹಳ ಒಳ್ಳೆ ಮನುಷ್ಯ. ಒಂದೇ ದೋಷ ಅಂದರೆ ಯಾವುದನ್ನೂ ಬಿಚ್ಚಲ್ಲ. ಬಟನ್ ಒತ್ತಿ, ಕಣ್ಣು ಮುಚ್ಚಿ, ಬಾಗಿಲಿಗೆ ಕಿವಿ ಕೊಟ್ಟು ನಾಡಿ ನೋಡಿದ.

"ಬ್ಯಾಟ್ರಿ ವೀಕು ಅಕ್ಕ."

ಬ್ಯಾಟರಿ ಬದಲಾಯ್ತು. ಹಾರ್ನು ಮಾತ್ರ ಸಕತ್ತಾಗಿ ಬಡ್ಕೊಳ್ತಿತ್ತು. ಗ್ಲಾಸು ಅಲ್ಲೇ.

"ಹಂಗಾರ ಸ್ವಿಚ್ಚು."

ಸ್ವಿಚ್ಚು ಬದಲಾಯ್ತು. ಗ್ಲಾಸು ಅಲ್ಲೇ. ರಬ್ಬರಿಗೆ ಎಂಥದೋ ಸ್ಪ್ರೇ ಹೊಡೆದ. ಕಾರೆಲ್ಲ ಘಮಘಮ, ಗ್ಲಾಸು ಅಲ್ಲೇ.

"ಬಾಗಿಲು ಬಿಚ್ಚಿ ಒಳಗೇನಾಗಿದೆ ನೋಡು ಮಾರಾಯ" ಅಂದೆ.

"ಡೋರ್ ಪ್ಯಾಡ್ ಬಿಚ್ಚುದ್ರ ಕ್ಲಿಪ್ ಮುರ್ದೋಯ್ತದ ಅಕ್ಕ. ಅದು ಕೊನೇ ಆಪ್ರೇಷನ್ನು. ಪೇಷಂಟ್ ತೀರಾ ಸೀರಿಯಸ್ ಆದಾಗ ಮಾಡಾದು." ತಲೆ ಕೆರೆದುಕೊಂಡು ಯೋಚಿಸಿ, ಒಂದು ದಾರಿ ಕಂಡುಹಿಡಿದ. "ಅಕ್ಕ, ಇಳ್ಸುದ್ರಲ್ವಾ ತೊಂದ್ರ? ಇಳ್ಸಲೇಬ್ಯಾಡಿ. ಏಸಿ ಹಾಕಂಡು ಸುಮ್ನ ಓಡಾಡಿ."

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ಲಯ್ಯಾ, ದಾರೀಲಿ ಯಾರಾದ್ರೂ ನಿಲ್ಲಿಸಿ ಗ್ಲಾಸ್ ಇಳಿಸಿ ಅಂದ್ರೆ ಏನು ಮಾಡ್ಲಿ?"

ಅವನು ಒಂದು ಚೂರೂ ನಗದೆ ಹೇಳಿದ.

"ಒಳಗಿಂದ್ಲೇ ಕೈ ಮುಗೀರಿ ಅಕ್ಕ. ಎಂಥೋರಾದ್ರೂ ಬುಟ್ಬುಡ್ತರ."

ಬಾಗಿಲೊಳಗಿದ್ದವರು

ಸೀಜನ್ನೂ ಮುಗೀತಾ ಬಂತು, ಕಡೆಗೂ ಯಜಮಾನ್ರು ಗಿರಾಕಿ ಹುಡುಕಿಯೇಬಿಟ್ಟರು. ಯಳಂದೂರಿನ ಒಬ್ಬ ಅಕ್ಕಿ ವ್ಯಾಪಾರಿ, ಭಾನುವಾರ ಬೆಳಗ್ಗೆ ಬಂದು ನೋಡಿ, ಒಪ್ಪಿದರೆ ಅವತ್ತೇ ತಗೊಂಡು ಹೋಗ್ತಾರಂತೆ. ಸೋಮವಾರ ಹನೂರಿನಲ್ಲಿ ನನಗೊಂದು ಮದುವೆ. ಹೆಣ್ಣಿನ ಅಮ್ಮ ಫೋನು ಮಾಡಿ "ಬತ್ತೀರಲ್ಲಕ್ಕ?" ಅಂದಾಗ "ಬರ್ತೀನಿ ಕಣಮ್ಮ" ಅಂದೆ. ಯಾವುದರಲ್ಲಿ ಬರ್ತೀನಿ ಅಂತ ಹೇಳೋಕೆ ಬಾಯಿ ಬರಲಿಲ್ಲ. ಶನಿವಾರ ಕಾರು ತೊಳೆಯುವಾಗ ಅಳು ಬಂತು. ಯಾರಾದರೂ ನೋಡಿದರೆ ಇರಲಿ ಅಂತ ಮುಖಕ್ಕೂ ಒಂದು ಚೊಂಬು ನೀರು ಹಾಕಿಕೊಂಡೆ.

ಭಾನುವಾರ ಯಜಮಾನ್ರು ಬೆಳಗ್ಗೆಯೇ ಮೆಕ್ಯಾನಿಕ್ಕನ್ನ ಮನೆಗೆ ಕರೆಸಿದರು. ಗಿರಾಕಿ ಬಂದಾಗ ಒಂದೇ ಒಂದು ಗ್ಲಾಸಾದರೂ ಮರ್ಯಾದೆಯಾಗಿ ಇಳಿಯಲಿ, ಕ್ಲಿಪ್ಪು ಮುರಿದರೆ ಮುರೀಲಿ, ಬಿಚ್ಚು ಅಂದರು. ಅವನು ಮಾದಪ್ಪನಿಗೆ ಕೈ ಮುಗಿದು, ಮುಂದಿನ ಎಡಗಡೆ ಬಾಗಿಲಿನ ಪ್ಯಾಡು ಬಿಚ್ಚಿ ಒಳಗೆ ಕೈ ಹಾಕಿದ. ಹಾಕಿದವನು ಹಂಗೇ ನಿಂತ.

"ಅಕ್ಕಾ... ಇದೇನಕ್ಕ ಇದು?"

ಹೊರಗೆ ಬಂದ ಅವನ ಕೈತುಂಬ ಬೂದು ಬಣ್ಣದ ಜಿಡ್ಡು ಮುದ್ದೆ. ಮತ್ತೆ ಕೈ ಹಾಕಿದ. ಒಣಗಿದ ಚೆಂಡು ಹೂ. ಮತ್ತೆ ಹಾಕಿದ. ಅರ್ಧ ಉರಿದ ಊದುಬತ್ತಿ ಕಡ್ಡಿಗಳು, ಅಕ್ಕಿ ಕಾಳು, ಬಿಲ್ವಪತ್ರೆ, ಪತ್ರೆ, ಇನ್ನೂ ಪತ್ರೆ.

ನನಗೆ ಆಗ ಅರ್ಥ ಆಯ್ತು. ಕಾರು ಬಂದ ದಿನದಿಂದ ನಮ್ಮತ್ತೆ ಪ್ರತಿ ಸೋಮವಾರ ತಲೆಗೆ ನೀರು ಹಾಕಿಕೊಂಡು ಬಂದು ಕಾರಿಗೆ ಪೂಜೆ ಮಾಡ್ತಾರೆ. ನೆನೆಸಿದ ವಿಭೂತಿಯನ್ನ ಮೂರು ಬೆರಳಲ್ಲಿ ನಾಲ್ಕೂ ಗ್ಲಾಸಿಗೆ ದಪ್ಪನಾಗಿ ಬಳೀತಾರೆ. ಅಕ್ಷತೆ ಹಾಕ್ತಾರೆ. ಗ್ಲಾಸಿನ ಸಂದಿಗೆ ಹೂವು ಪತ್ರೆ ಸಿಕ್ಕಿಸ್ತಾರೆ, ರಬ್ಬರಿಗೆ ಊದುಬತ್ತಿ ಚುಚ್ತಾರೆ. ಆಮೇಲೆ ನಾನು ಹೊರಡುವಾಗ ಗ್ಲಾಸು ಇಳಿಸ್ತೀನಿ. ಗ್ಲಾಸಿನ ಜೊತೆ ಪೂಜೆಯೆಲ್ಲ ಬಾಗಿಲೊಳಗೆ ಇಳೀತಾ ಬಂದಿದೆ. ಅದರ ಮೇಲೆ ಹರಳೆಣ್ಣೆ ಬಿದ್ದು ಗಾರೆ ಕಲಸಿದಂಗಾಗಿದೆ. ಪಾಪ, ಗ್ಲಾಸು ತಾನೇ ಏನು ಮಾಡುತ್ತೆ!

"ಅವ್ವಾ! ಗ್ಲಾಸು ಕೆಡಿಸಿದ್ದು ನೀನಾ?" ಅಂತ ಯಜಮಾನ್ರು ಕೂಗಿದರು.

ಅತ್ತೆ ಮೊರ ಕೆಳಗಿಟ್ಟು ಬಂದರು. ಬಗ್ಗಿ ಬಾಗಿಲೊಳಗೆ ಇಣುಕಿದರು. ನಾಚಿಕೆ ಪಟ್ಟುಕೊಳ್ತಾರೆ ಅಂದುಕೊಂಡೆ. ಎಲ್ಲಿಯ ನಾಚಿಕೆ! ಸೆರಗು ಹೊದ್ದು ಎರಡೂ ಕೈ ಮುಗಿದರು.

"ಉಘೇ ಮಾದಪ್ಪಾ! ನಾನು ಗ್ಲಾಸ್ ಮ್ಯಾಲ ಬಳುದ್ರ ನೀನು ಒಳಗೋಗಿ ನೆಲಸ್ಬುಟ್ಟಿದ್ದಯಾ ನನ್ನಪ್ಪಾ!"

ಅದೇ ಹೊತ್ತಿಗೆ ಗಿರಾಕಿಯ ಬೈಕು ಬಂದು ನಿಂತಿತು. ಯಜಮಾನ್ರು ಗಾಬರಿಯಿಂದ ಟವಲ್ಲು ತಗೊಂಡು ಬಿಚ್ಚಿದ ಬಾಗಿಲು ಮುಚ್ಚೋಕೆ ಓಡಿದರು. ನೋಡಿದರೆ ಬಂದವರ ಹಣೆ ತುಂಬ ವಿಭೂತಿ. ಅತ್ತೆ ಟವಲ್ಲು ಕಿತ್ತೆಸೆದು ಎಲ್ಲಾ ಕಥೆ ಹೇಳಿದರು. ಆ ಮನುಷ್ಯ ಚಪ್ಪಲಿ ಅಲ್ಲೇ ಬಿಟ್ಟು ಬಂದು ಬಾಗಿಲಿಗೆ ಅಡ್ಡಬಿದ್ದರು! ಬೂದಿ ಮುದ್ದೆಯಿಂದ ಒಂದು ಚಿಟಿಕೆ ತಗೊಂಡು ಹಣೆಗಿಟ್ಟುಕೊಂಡರು. ಎಣ್ಣೆಗೆ ಹಣೆ ಮಿರಮಿರ ಮಿಂಚಿತು.

ಸರಿ, ಕಸ ತುಂಬಿದ ಕಾರು, ಬೇಡ ಅಂತಾರೆ, ಉಳೀತು ಅಂದುಕೊಂಡು ನಾನು ಮನಸ್ಸಲ್ಲೇ ಕುಣಿದೆ. ಯಜಮಾನ್ರೂ ಸೋತ ದನಿಯಲ್ಲಿ, "ನಿಮಗೆ ಬೇಡ ಅನ್ನಿಸಿದ್ರೆ ಪರವಾಗಿಲ್ಲ ಬಿಡಿ" ಅಂದರು.

"ಬ್ಯಾಡ ಅಂದೋರ್ಯಾರು ಸ್ವಾಮಿ? ಇಂತಾ ಕಾರು ಸಿಗಾಕ ಪುಣ್ಯ ಮಾಡಿರ್ಬೇಕು. ಗ್ಲಾಸು ಇಳೀದಿದ್ರ ಇಳೀದೇ ಇರ್ಲಿ, ನಾ ಈಗ್ಲೇ ತಕಂಡೋಯ್ತೀನಿ."

ದೇವರು ಕಾಪಾಡಿದ ಅಂದುಕೊಂಡರೆ ದೇವರೇ ಮಾರಿಬಿಟ್ಟನಲ್ಲಪ್ಪಾ! ಯಜಮಾನ್ರ ಮುಖ ಅರಳಿತು, ಕೀಲಿ ತರೋಕೆ ಒಳಗೆ ಹೊರಟೇಬಿಟ್ಟರು. ಆಗ ಅತ್ತೆ ಮನೆ ಬಾಗಿಲಿಗೆ ಅಡ್ಡ ನಿಂತರು.

"ಸ್ವಾಮಿ, ಒಂದ್ ಮಾತು. ನಿಮ್ ಮನೇಲಿರ ದೇವ್ರ ಗೂಡ್ನ ಯಾರಾರ ಬಂದು ಚೆಂದಾಗದ ಕೊಡಿ ಅಂದ್ರ, ಕಿತ್ ಕೊಟ್ಟೀರಾ?"

"ಅದೆಂಗಾದದವ್ವಾ?"

"ಮತ್ತ ನಾನ್ಯಾಕ ಕೊಡ್ಲಿ?"

"ಅವ್ವಾ, ಮಾತುಕತೆ ಎಲ್ಲಾ ಆಗಿದೆ..." ಅಂತ ಯಜಮಾನ್ರು ಬಾಯಿ ಹಾಕಿದರು.

"ನೀ ಸುಮ್ಕಿರ್ಲಾ! ಕಾರು ಓಡ್ಸಾದು ಅವಳು, ಒಳಗಿರಾದು ದೇವ್ರು. ಮಧ್ಯದಲ್ಲಿ ನಿಂದೇನ್ಲಾ?"

ಕೊನೇ ಮಾತು ಬಿತ್ತು. ಅದರ ಮೇಲೆ ಅಪೀಲಿಲ್ಲ. ನಾನು ಅಡುಗೆಮನೆಗೆ ಹೋಗಿ, ಟೀಗೆ ನೀರಿಟ್ಟು, ಗೋಡೆಗೆ ಒರಗಿ ಒಂದು ಗಳಿಗೆ ಕಣ್ಣೀರು ಹಾಕಿದೆ, ಒಂದು ಗಳಿಗೆ ನಕ್ಕೆ. ಅಷ್ಟು ಹಗುರಾಗಿತ್ತು ಮನಸ್ಸು. ಗಿರಾಕಿ ಟೀ ಕುಡಿದು, ಪೇಪರಿನಲ್ಲಿ ಒಂದು ಪೊಟ್ಟಣ ಪ್ರಸಾದ ಕಟ್ಟಿಸಿಕೊಂಡು, ಮತ್ತೊಂದು ಸಲ ಬಾಗಿಲಿಗೆ ಕೈ ಮುಗಿದು ಹೋದರು.

ಮೆಕ್ಯಾನಿಕ್ ಮಾತ್ರ ಕೈಯೆಲ್ಲ ಬೂದಿ ಮಾಡಿಕೊಂಡು ನಿಂತೇ ಇದ್ದ. "ಅವ್ವಾ, ಈಗ ನಾನೇನ್ ಮಾಡ್ಲಿ? ದೇವ್ರು ಒಳಗಿದ್ರ ಗ್ಲಾಸು ಓಡಲ್ಲ. ಗ್ಲಾಸು ಓಡ್ಬೇಕು ಅಂದ್ರ ದೇವ್ರು ಮನ ಖಾಲಿ ಮಾಡ್ಬೇಕು."

ಅತ್ತೆ ಯೋಚನೆ ಮಾಡಿ, ಒಳಗಿಂದ ಹೊಸ ಸ್ಟೀಲ್ ಡಬ್ಬಿ ತಂದರು. ನಾಲ್ಕೂ ಬಾಗಿಲು ಬಿಚ್ಚಿಸಿ, ಒಂದು ಕಾಳು ನೆಲಕ್ಕೆ ಬೀಳದಂಗೆ ಎಲ್ಲವನ್ನೂ ಡಬ್ಬಿಗೆ ತುಂಬಿಸಿ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಕೂರಿಸಿ, ಕರ್ಪೂರ ಹಚ್ಚೋಕೆ ಹೋದವರನ್ನ ನಾವು ಮೂವರೂ ಸೇರಿ ತಡೆದೆವು. ಮೆಕ್ಯಾನಿಕ್ ರಬ್ಬರನ್ನೆಲ್ಲ ಸೋಪು ನೀರಲ್ಲಿ ತೊಳೆದು ಒರೆಸಿ ಕೂರಿಸಿದ. ಬಟನ್ ಒತ್ತಿದೆ. ಸರ್ರಂತ ಇಳೀತು! ಏರಿಸಿದೆ, ಸರ್ರಂತ ಏರಿತು! ಸಂಜೆವರೆಗೂ ಇಳಿಸಿ ಏರಿಸಿ, ಏರಿಸಿ ಇಳಿಸಿ, ಕೊನೆಗೆ ಯಜಮಾನ್ರೇ "ಸಾಕು ಬಾರೇ, ಮತ್ತೆ ಕೆಟ್ಟೋಗ್ತದೆ" ಅಂತ ಕರೆದರು.

ಸೋಮವಾರ ಬೆಳಗ್ಗೆ ಹನೂರಿಗೆ ಹೊರಟೆ. ಮೇಕಪ್ ಮಾಡೋಳೇ ಬೋಳು ಮುಖದಲ್ಲಿ ಹೋದರೆ ಯಾರು ನಂಬ್ತಾರೆ ಅಂತ ನಾನೂ ಭರ್ಜರಿಯಾಗಿ ಸಿಂಗಾರ ಮಾಡಿಕೊಂಡಿದ್ದೆ. ಗ್ಲಾಸು ಏರಿಸಿಕೊಂಡು ಗಾಡಿ ಸ್ಟಾರ್ಟ್ ಮಾಡ್ತೀನಿ, ಅತ್ತೆ ತಲೆಗೆ ನೀರು ಹಾಕಿಕೊಂಡು ವಿಭೂತಿ ಬಟ್ಟಲು ಹಿಡಿದು ಬರ್ತಾ ಇದ್ದಾರೆ! ಕಾರು ಉಳಿಸಿಕೊಟ್ಟವರು. ಬೇಡ ಅನ್ನೋಕೆ ಯಾವ ಬಾಯಿಂದ ಅನ್ನಲಿ? ಮೂರು ಬೆರಳು ಅದ್ದಿ, ಕಣ್ಣು ಮುಚ್ಚಿ, "ಮಾದಪ್ಪಾ" ಅಂತ ನನ್ನ ಗ್ಲಾಸಿನ ಕಡೆ ಕೈ ತಂದರು. "ಅತ್ತೆ, ಸ್ವಲ್ಪ ತೆಳ್ಳಗೆ ಹಚ್ಚಿ" ಅಂತ ಹೇಳೋಣ ಅಂತ ಬಟನ್ ಒತ್ತಿದೆ. ಹಳೇ ಗ್ಲಾಸಾಗಿದ್ದರೆ ನಾನು ಮಾತು ಮುಗಿಸೋವರೆಗೂ ಅಲ್ಲೇ ಇರ್ತಿತ್ತು. ಇದು ಸರ್ರಂತ ಕೆಳಗೆ ಹೋಯ್ತು. ಅತ್ತೆ ಕೈ ನೇರ ಒಳಗೆ ಬಂದು ನನ್ನ ಈ ಕೆನ್ನೆಯಿಂದ ಮೂಗಿನ ಮೇಲೆ ಹಾದು ಆ ಕೆನ್ನೆವರೆಗೂ ಮೂರು ಪಟ್ಟೆ ಎಳೀತು.

ಅತ್ತೆ ಕಣ್ಣು ಬಿಟ್ಟರು. ಗ್ಲಾಸಿಲ್ಲದ ಕಿಟಕಿ ನೋಡಿದರು, ನನ್ನ ಮುಖ ನೋಡಿದರು. ನಾನು ಕರ್ಚೀಫು ತೆಗೆದೆ. ಅವರು ನನ್ನ ಕೈ ಹಿಡಿದುಕೊಂಡರು.

"ಒರಸ್ಕಬ್ಯಾಡ ಕೂಸೆ, ಒಳ್ಳೇದೇ ಆಯ್ತು ಬುಡು. ಇನ್ಮ್ಯಾಲ ಗ್ಲಾಸ್ಗ ಬಳ್ಯಾಕಿಲ್ಲ, ಸೋಮವಾರ ಸೋಮವಾರ ನಿನ್ ಮೊಕುಕ್ಕೇ ಬಳೀತಿನಿ. ನೀನಾರ ಕೆಳಕ್ಕ ಇಳ್ದೋಗಲ್ಲ."